‘ಗ್ರೂಪ್‌ನಲ್ಲಿ ಹಾಕಿದ್ದೆವಲ್ಲ!’

ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಕೋಲಾರ ಜಿಲ್ಲೆಯ ನರಸಾಪುರದಲ್ಲೋ ವೇಮಗಲ್‌ನಲ್ಲೋ ಮಾಲೂರಿನಲ್ಲೋ ಕಾರ್ಖಾನೆ, ವಾರಕ್ಕೆ ಎರಡು ಮೂರು ದಿನ ಕಚೇರಿಗೆ ಹೋಗಿ ಉಳಿದ ದಿನ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಮನೆಯಿಂದಲೇ ಲಾಗಿನ್ ಆಗುವ ಸಿಬ್ಬಂದಿ. ಹೀಗೆ ಚದುರಿಹೋದ ಸಂಸ್ಥೆ ತನ್ನ ಜನಕ್ಕೆ ಯಾವ ದಾರಿಯಲ್ಲಿ ಸುದ್ದಿ ಮುಟ್ಟಿಸಬೇಕು? ವಾಟ್ಸಾಪ್ ಗ್ರೂಪೋ, ಇ-ಮೇಲೋ, ಟೀಮ್ಸ್ ಅಥವಾ ಸ್ಲ್ಯಾಕ್‌ನಂಥ ಚಾಟೋ, ವಿಡಿಯೊ ಸಭೆಯೋ, ಹಳೆಯ ನೋಟಿಸ್ ಬೋರ್ಡೋ? ಮಾತಿಗೆ ಕುಳಿತವರು ಇಬ್ಬರು: ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರು, ಚದುರಿದ ತಂಡವೊಂದನ್ನು ಮಾಲೂರಿನಿಂದಲೇ ನಡೆಸುವ ಯುವತಿ.

ಯುವತಿ: ನನ್ನ ಲೆಕ್ಕ ಸರಳ ಸರ್. ಜನ ಎಲ್ಲಿದ್ದಾರೋ ಸುದ್ದಿ ಅಲ್ಲಿಗೆ ಹೋಗಬೇಕು. ನಮ್ಮ ಕಡೆ ಜನ ಇರುವುದು ವಾಟ್ಸಾಪ್‌ನಲ್ಲಿ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು ಎನ್ನುವುದು ಹರಾಜು ಮುಗಿಯುವ ಮೊದಲೇ ಮುಳಬಾಗಿಲಿನ ತೋಟಕ್ಕೆ ಗೊತ್ತಾಗಿರುತ್ತದೆ. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಯಾರೂ ಬೋರ್ಡ್ ನೋಡಿ ತಿಳಿದುಕೊಳ್ಳಲಿಲ್ಲ. ರೈತರು, ಮಂಡಿಯವರು, ಲಾರಿ ಡ್ರೈವರ್‌ಗಳು ಎಲ್ಲರೂ ನೆಚ್ಚಿಕೊಂಡ ದಾರಿ ಇರುವಾಗ ಕಂಪನಿ ಮಾತ್ರ ಒಂದು ಮೇಲ್ ಐಡಿ ಕೊಟ್ಟು ‘ದಿನಾ ನೋಡಿ’ ಎಂದರೆ ಯಾರು ನೋಡುತ್ತಾರೆ? ಎಷ್ಟೋ ಕಡೆ ಲೈನಿನಲ್ಲಿ ನಿಂತು ದುಡಿಯುವ ಹುಡುಗಿಗೆ ಕಂಪನಿಯ ಮೇಲ್ ಐಡಿಯೇ ಇರುವುದಿಲ್ಲ. ಫೋನಂತೂ ಇದ್ದೇ ಇದೆ. ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ, ಖರ್ಚಿಲ್ಲ, ಉತ್ತರವೂ ಆಗಿಂದಾಗಲೇ ಬರುತ್ತದೆ.

ಹಿರಿಯರು: ಮುಟ್ಟುತ್ತದೆ, ನಿಜ ಕಣಮ್ಮ. ಮುಟ್ಟಿದ ಮೇಲೆ ಏನಾಗುತ್ತದೆ ಅನ್ನೋದು ನನ್ನ ಪ್ರಶ್ನೆ. ಅದೇ ಮಂಡಿಯನ್ನು ನೋಡು. ದರದ ಸುದ್ದಿ ಫೋನಿನಲ್ಲಿ ಓಡುತ್ತದೆ, ಆದರೆ ರೈತ ದುಡ್ಡು ಕೇಳುವುದು ಮಂಡಿಯವರು ಬರೆದುಕೊಟ್ಟ ಬಿಲ್ ಹಿಡಿದುಕೊಂಡು. ಸುದ್ದಿಗೆ ಒಂದು ದಾರಿ, ಬಾಧ್ಯತೆಗೆ ಇನ್ನೊಂದು. ಕಂಪನಿಗಳು ಎರಡನ್ನೂ ಒಂದೇ ಗ್ರೂಪಿಗೆ ಸುರಿಯುತ್ತವೆ. ರಾತ್ರಿ ಹತ್ತೂವರೆಗೆ ಸೂಪರ್‌ವೈಸರ್ ಒಂದು ಮೆಸೇಜ್ ಹಾಕುತ್ತಾನೆ ಅಂದುಕೋ: ‘ನಾಳೆಯಿಂದ ಎ ಶಿಫ್ಟ್ ಅರ್ಧ ಗಂಟೆ ಮುಂಚೆ, ಎಲ್ಲರೂ ಗಮನಿಸಿ’. ಅದರ ಕೆಳಗೆ ಮೂವತ್ತು ‘ಓಕೆ ಸರ್’, ಇಬ್ಬರ ಹುಟ್ಟುಹಬ್ಬದ ಕೇಕು, ಗುಲಾಬಿ ಹೂವಿನ ಜೊತೆ ಶುಭೋದಯ, ನಡುವೆ ‘ಬಂಗಾರಪೇಟೆ ಬಸ್ಸು ಎಷ್ಟೊತ್ತಿಗೆ?’ ಅಂತ ಕೇಳಿದವನಿಗೆ ಉತ್ತರವೇ ಇಲ್ಲ. ಬೆಳಗ್ಗೆ ಮುಳಬಾಗಿಲಿನಲ್ಲಿ ಹಳೇ ಹೊತ್ತಿಗೆ ಬಸ್ಸಿಗೆ ನಿಂತವಳು ಗೇಟಿಗೆ ಬರುವಷ್ಟರಲ್ಲಿ ಅರ್ಧ ದಿನದ ಹಾಜರಿ ಕಟ್. ಕೇಳಿದರೆ ಸಿಗುವ ಉತ್ತರ ಒಂದೇ: ‘ಗ್ರೂಪ್‌ನಲ್ಲಿ ಹಾಕಿದ್ದೆವಲ್ಲ, ನೋಡಲಿಲ್ವಾ?’ ತಿಳಿಸಬೇಕಾದ ಹೊಣೆ ಕಂಪನಿಯ ಹೆಗಲಿನಿಂದ ಇಳಿದು, ತಿಳಿದುಕೊಳ್ಳಬೇಕಾದ ಹೊಣೆಯಾಗಿ ಅವಳ ಹೆಗಲೇರಿತು. ಯಾವ ದಾರಿ ಬೇಗ ಮುಟ್ಟುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಾಳೆ ಯಾರಾದರೂ ‘ನನಗೆ ಗೊತ್ತಾಗಲಿಲ್ಲ’ ಅಂದರೆ ತಪ್ಪು ಯಾರ ತಲೆಗೆ ಬರುತ್ತದೆ ಅನ್ನುವುದನ್ನೂ ಆ ದಾರಿಯೇ ತೀರ್ಮಾನ ಮಾಡಿರುತ್ತದೆ. ಅದನ್ನು ಕೇಳುವವರು ಕಡಿಮೆ.

ಯುವತಿ: ಅದು ಸೂಪರ್‌ವೈಸರ್ ತಪ್ಪು ಸರ್, ವಾಟ್ಸಾಪ್ ಏನು ಮಾಡುತ್ತದೆ? ಅಡ್ಮಿನ್ ಮಾತ್ರ ಬರೆಯುವಂಥ ಗ್ರೂಪ್ ಮಾಡಬಹುದು, ಕೇಕಿಗೆ ಬೇರೆ ಗ್ರೂಪ್ ಇಡಬಹುದು. ಯಾರು ಓದಿದ್ದಾರೆ, ಯಾರು ಓದಿಲ್ಲ ಅಂತ ಹೆಸರಿನ ಸಮೇತ ತೋರಿಸುತ್ತದೆ. ನಿಮ್ಮ ನೋಟಿಸ್ ಬೋರ್ಡ್ ಅಷ್ಟು ಹೇಳುತ್ತದಾ? ಗಾಜಿನ ಪೆಟ್ಟಿಗೆಯೊಳಗೆ ಹೋದ ವರ್ಷದ ದಸರಾ ರಜೆಯ ಪಟ್ಟಿ ಬಣ್ಣ ಕಳೆದುಕೊಂಡು ನೇತಾಡುತ್ತಿರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ನೋಡಿ ಕಾರ್ಮಿಕರಿಗೆ ತಿಳಿಯಿತು ಅಂದುಕೊಳ್ಳುವುದೂ ಹೊಣೆ ಜಾರಿಸಿದಂತೆಯೇ ಅಲ್ವಾ?

ಹಿರಿಯರು: ಆ ಪೆಟ್ಟಿಗೆಯ ಸ್ಥಿತಿ ಒಪ್ಪಿದೆ. ಆದರೆ ಅದರ ಹಿಂದೆ ಇದ್ದ ಲೆಕ್ಕಾಚಾರ ನೋಡು. 1948ರ ಕಾರ್ಖಾನೆ ಕಾಯ್ದೆ ಏನು ಹೇಳಿತ್ತು? ನೋಟಿಸ್ ಇಂಗ್ಲಿಷ್‌ನಲ್ಲಿ ಇದ್ದರೆ ಸಾಲದು, ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಮುಖ್ಯ ಬಾಗಿಲಿನ ಹತ್ತಿರ ಎದ್ದು ಕಾಣುವ ಜಾಗದಲ್ಲಿರಬೇಕು. ಅಳಿಸಿಹೋಗದೆ ಓದಲು ಬರುವಂತೆ ಕಾಯ್ದುಕೊಳ್ಳಬೇಕು. ಇದೆಲ್ಲ ಯಾರ ಮೇಲಿನ ಹೊರೆ? ಮಾಲೀಕನ ಮೇಲಿನದು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕೆಲಸದ ಅವಧಿಯಂಥ ಷರತ್ತು ಬದಲಿಸಬೇಕಾದರೆ 21 ದಿನ ಮೊದಲು ನೋಟಿಸ್ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, 21 ದಿನದ ನಿಯಮ ಅಲ್ಲೂ ಉಳಿದಿದೆ. ಈಗ ನಿನ್ನ ನೀಲಿ ಟಿಕ್ಕಿಗೆ ಬಾ. ಅದು ಮೆಸೇಜ್ ತೆರೆದದ್ದನ್ನು ತೋರಿಸುತ್ತದೆ. ಮಗು ಫೋನ್ ಹಿಡಿದು ಆಡಿದರೂ ಟಿಕ್ಕು ನೀಲಿಯಾಗುತ್ತದೆ. ಹಾಕಿದ ಮೆಸೇಜನ್ನು ಅಡ್ಮಿನ್ ಅಳಿಸಿಬಿಡಬಹುದು, ಹೊಸದಾಗಿ ಸೇರಿದವನಿಗೆ ಹಿಂದಿನ ಮಾತುಗಳು ತಾವಾಗಿ ಬರುವುದಿಲ್ಲ. ಓದಿದವಳ ಗುರುತು ಉಳಿಯುತ್ತದೆ, ಹೇಳಿದವನ ಗುರುತು ಅಳಿಯಬಹುದು. ಇದು ಯಾರಿಗೆ ಅನುಕೂಲ ಅಂತ ನೀನೇ ಹೇಳು. ಜೊತೆಗೆ ನೂರಾರು ಜನರ ಗ್ರೂಪಿನಲ್ಲಿ ಹೆಣ್ಣುಮಕ್ಕಳ ನಂಬರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೇಡ ಅಂತ ಗ್ರೂಪ್ ಬಿಟ್ಟರೆ ಶಿಫ್ಟ್ ವಿಷಯ ಗೊತ್ತಾಗುವುದಿಲ್ಲ.

ಯುವತಿ: ನಂಬರ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೇ ಸಂಸ್ಥೆಗಳು ಸ್ವಂತ ಚಾಟ್ ವ್ಯವಸ್ಥೆಗೆ ಹೋಗುವುದು. ಆದರೆ ನಿಮ್ಮ ಕಾಯ್ದೆಯಲ್ಲಿ ಒಂದು ಮಾತು ನನ್ನನ್ನು ಕಾಡುತ್ತದೆ: ಮುಖ್ಯ ಬಾಗಿಲು. ಶ್ರೀನಿವಾಸಪುರದ ಮನೆಯ ಕೋಣೆಯಲ್ಲಿ ಕೂತು ಕೆಲಸ ಮಾಡುವವನಿಗೆ ಕಂಪನಿಯ ಮುಖ್ಯ ಬಾಗಿಲು ಯಾವುದು? ಅವನು ತಿಂಗಳಿಗೊಮ್ಮೆಯೂ ಆ ಬಾಗಿಲು ದಾಟದೆ ಇರಬಹುದು. ಬೆಂಗಳೂರಿನಲ್ಲಿ ಕೂತವರಿಗೆ ಕಾಫಿ ಯಂತ್ರದ ಹತ್ತಿರವೇ ಅರ್ಧ ವಿಷಯ ತಿಳಿದುಹೋಗುತ್ತದೆ. ಯಾವ ಪ್ರಾಜೆಕ್ಟ್ ನಿಲ್ಲುತ್ತದೆ, ಯಾರಿಗೆ ಬಡ್ತಿ, ಯಾರು ಬಿಡುತ್ತಿದ್ದಾರೆ, ಎಲ್ಲ. ಸಭೆಯಲ್ಲಿ ಆರು ಜನ ಒಂದೇ ಮೇಜಿನ ಸುತ್ತ, ಇಬ್ಬರು ಸ್ಕ್ರೀನಿನಲ್ಲಿ. ಮೇಜಿನವರು ಒಬ್ಬರಿಗೊಬ್ಬರು ಪಿಸುಗುಟ್ಟಿ ನಗುತ್ತಾರೆ, ಸ್ಕ್ರೀನಿನವರು ‘ಕೇಳಿಸುತ್ತಿಲ್ಲ’ ಅಂತ ಎರಡು ಸಲ ಹೇಳಿ ಸುಮ್ಮನಾಗುತ್ತಾರೆ. ನಿರ್ಧಾರ ಆಗುವುದು ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ. ನನ್ನ ನಿಯಮ ಇಷ್ಟೇ: ಒಬ್ಬ ದೂರದಲ್ಲಿದ್ದರೆ ಎಲ್ಲರೂ ದೂರದಲ್ಲಿರುವಂತೆ ನಡೆದುಕೊಳ್ಳಬೇಕು. ಎಲ್ಲರೂ ಅವರವರ ಲ್ಯಾಪ್‌ಟಾಪ್‌ನಿಂದಲೇ ಸಭೆಗೆ ಬರಬೇಕು, ತೀರ್ಮಾನ ಎಲ್ಲರಿಗೂ ಕಾಣುವ ಕಡೆ ಬರೆದಿರಬೇಕು. ಬರವಣಿಗೆಯಲ್ಲಿ ಇಲ್ಲದ ತೀರ್ಮಾನ ಆಗೇ ಇಲ್ಲ ಅಂತ ಲೆಕ್ಕ.

ಹಿರಿಯರು: ಬರೆದಿಡುವುದು ಸರಿ. ಮುಖ ನೋಡದೆ ಬರೆದುಕೊಂಡೇ ಸಂಸ್ಥೆ ನಡೆಯುತ್ತದಾ? ಮೈಕ್ರೋಸಾಫ್ಟ್ ಕಂಪನಿಯವರದ್ದೇ ಅಧ್ಯಯನ ಇದೆಯಲ್ಲ. 2020ರ ಮೊದಲಾರು ತಿಂಗಳಲ್ಲಿ ಅಮೆರಿಕದ ತಮ್ಮ 61,182 ನೌಕರರು ಹೇಗೆ ಮಾತಾಡಿಕೊಂಡರು ಅಂತ ನೋಡಿದರು. ಎಲ್ಲರೂ ಮನೆ ಸೇರಿದ ಮೇಲೆ ಗುಂಪುಗಳು ತಮ್ಮತಮ್ಮಲ್ಲೇ ಬಿಗಿದುಕೊಂಡವು, ಒಂದು ಗುಂಪಿಗೂ ಇನ್ನೊಂದಕ್ಕೂ ಇದ್ದ ಕೊಂಡಿ ಸಡಿಲವಾಯಿತು. ಆಗಿಂದಾಗ ಆಡುವ ಮಾತು ಕಡಿಮೆಯಾಗಿ, ಮೇಲ್ ಮತ್ತು ಮೆಸೇಜ್ ಹೆಚ್ಚಿತು. ಬರೆದದ್ದು ಹೆಚ್ಚಾಯಿತು, ಹರಡಿದ್ದು ಕಡಿಮೆಯಾಯಿತು ಅಂತ ನನ್ನ ಓದು.

ಯುವತಿ: ಅದೇ ಅಧ್ಯಯನ ನನ್ನ ಕಡೆಗೂ ಸಾಕ್ಷಿ ಹೇಳುತ್ತದೆ ಸರ್. ಅವರು ಬರೆದದ್ದು ಯಾರಿಗೆ? ಹೆಚ್ಚಾಗಿ ತಮ್ಮದೇ ಗುಂಪಿನವರಿಗೆ. ಗೋಡೆಯೊಳಗೆ ಬರೆದರೆ ಗೋಡೆ ದಾಟುವುದು ಹೇಗೆ? ಇಡೀ ಸಂಸ್ಥೆ ಓದಬಹುದಾದ ಚಾನೆಲ್‌ನಲ್ಲಿ ಬರೆದಿದ್ದರೆ ಪಕ್ಕದ ತಂಡದವರಿಗೂ ಸಿಗುತ್ತಿತ್ತು. ಜೊತೆಗೆ ಅದು ಕೊರೊನಾ ಕಾಲದಲ್ಲಿ ರಾತ್ರೋರಾತ್ರಿ ಎಲ್ಲರೂ ಮನೆಗೆ ಹೋದ ಸಂದರ್ಭ. ಯೋಚಿಸಿ ಮಾಡಿದ ಹೈಬ್ರಿಡ್ ಹೇಗಿರುತ್ತದೆ ಎನ್ನುವುದಕ್ಕೆ ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯ ಪ್ರಯೋಗ ನೋಡಿ. 1,612 ನೌಕರರಲ್ಲಿ ಒಂದು ಭಾಗಕ್ಕೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಕೊಟ್ಟರು. ಕೆಲಸ ಬಿಡುವವರು ಮೂರನೇ ಒಂದು ಪಾಲು ಕಡಿಮೆಯಾದರು, ಕೆಲಸದ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು.

ಹಿರಿಯರು: ಅಲ್ಲಿ ವಾರದ ಉಳಿದ ದಿನಗಳಲ್ಲಿ ಎಲ್ಲರೂ ಒಂದೇ ಕಚೇರಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರು ಅನ್ನೋದನ್ನೂ ಸೇರಿಸು ತಾಯಿ. ಆ ಪ್ರಯೋಗ ಮನೆಗೆ ಎಷ್ಟು ಸಾಕ್ಷಿಯೋ ಕಚೇರಿಗೂ ಅಷ್ಟೇ ಸಾಕ್ಷಿ.

ಇಬ್ಬರೂ ಒಂದೇ ಪುರಾವೆಯನ್ನು ಎರಡು ದಿಕ್ಕಿಗೆ ಎಳೆದರೂ ಒಂದು ಮಾತು ಇಬ್ಬರ ಕೈಯಿಂದಲೂ ಜಾರಿದಂತಿದೆ. ಈವರೆಗಿನ ಮಾತೆಲ್ಲ ಮೇಲಿನಿಂದ ಕೆಳಕ್ಕೆ, ನಡುವಿನಿಂದ ಅಕ್ಕಪಕ್ಕಕ್ಕೆ ಹೋಗುವ ಸುದ್ದಿಯದು. ಕೆಳಗಿನಿಂದ ಮೇಲಕ್ಕೆ ಬರಬೇಕಾದ ಮಾತಿಗೆ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲೇ ಇಡೀ ದೇಶ ನೋಡಿದ ಉದಾಹರಣೆಯಿದೆ. ಚರ್ಚೆ ತಾನಾಗಿ ಅತ್ತ ತಿರುಗಿತು.

ಹಿರಿಯರು: 2020ರ ಡಿಸೆಂಬರ್ 12, ನರಸಾಪುರದ ವಿಸ್ಟ್ರಾನ್ ಐಫೋನ್ ಘಟಕ. ರಾತ್ರಿ ಪಾಳಿ ಮುಗಿಸಿದವರು ರೊಚ್ಚಿಗೆದ್ದು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಬಿತ್ತು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಆಮೇಲೆ ಹೊರಬಿದ್ದದ್ದೇನು? ಕೆಲಸದ ಅವಧಿಯ ಲೆಕ್ಕ ಇಡುವ ವ್ಯವಸ್ಥೆ ಸರಿಯಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಯಿತು ಅಂತ ಆಪಲ್ ಕಂಪನಿಯೇ ಹೇಳಿ, ವಿಸ್ಟ್ರಾನನ್ನು ಪರೀಕ್ಷಾವಧಿಯಲ್ಲಿ ಇಟ್ಟಿತು. ಕಾರ್ಖಾನೆ ಇಲಾಖೆಯ ವರದಿ ಇನ್ನೂ ವಿವರವಾಗಿತ್ತು: ಸುಮಾರು 5,000 ಇದ್ದ ಕೆಲಸಗಾರರ ಸಂಖ್ಯೆ ಸ್ವಲ್ಪ ಕಾಲದಲ್ಲೇ 10,500ಕ್ಕೆ ಏರಿತ್ತು, ಅಷ್ಟು ಜನಕ್ಕೆ ತಕ್ಕ ಸಿಬ್ಬಂದಿ ವಿಭಾಗ ಇರಲಿಲ್ಲ, ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು. ಎಷ್ಟೋ ಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ‘ನನ್ನ ಸಂಬಳದಲ್ಲಿ ಇಷ್ಟು ಕಡಿಮೆ ಬಂದಿದೆ’ ಅಂತ ಕೇಳಿದವನಿಗೆ ಏಜೆನ್ಸಿ ಕಂಪನಿಯ ಕಡೆ ಕೈ ತೋರಿಸಿದರೆ, ಕಂಪನಿ ಏಜೆನ್ಸಿಯ ಕಡೆ ತೋರಿಸಿದರೆ ಅವನು ಯಾರ ಬಾಗಿಲು ತಟ್ಟಬೇಕು?

ಯುವತಿ: ಆಮೇಲೆ ವಿಸ್ಟ್ರಾನ್‌ನವರು ಮಾಡಿದ ಕೆಲಸಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು. ಹೆಸರು ಹೇಳದೆ ದೂರು ಕೊಡಲು 24 ಗಂಟೆಯ ಸಹಾಯವಾಣಿ ಇಟ್ಟರು, ಅದೂ ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಐದು ಭಾಷೆಯಲ್ಲಿ. ಬೆಂಕಿ ಬೀಳುವ ಮೊದಲೇ ಆ ನಂಬರ್ ಇದ್ದಿದ್ದರೆ? ಭಾಷೆಯ ವಿಷಯದಲ್ಲಿ ನಮ್ಮ ತಾಲೂಕುಗಳು ಇನ್ನೂ ಒಂದು ಪಾಠ ಹೇಳುತ್ತವೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಮಕ್ಕಳು ಓದಿದ್ದು ಕನ್ನಡ ಶಾಲೆಯಲ್ಲಿ. ಮಾಲೂರಿನ ಗಡಿ ಕಡೆ ತಮಿಳು ಕಿವಿಗೆ ಬೀಳುತ್ತದೆ. ಅಂದರೆ ಓದುವ ಭಾಷೆ ಬೇರೆ, ಮನಸ್ಸು ಬಿಚ್ಚಿ ಹೇಳುವ ಭಾಷೆ ಬೇರೆ. ನೋಟಿಸ್ ಕನ್ನಡದಲ್ಲಿ ಬರೆದರೆ ಓದುತ್ತಾರೆ. ಅದೇ ಹುಡುಗ ತನ್ನ ಕಷ್ಟ ಹೇಳಬೇಕಾದರೆ ಫಾರಂ ತುಂಬುವುದಿಲ್ಲ, ತೆಲುಗಿನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ಕೆಳಗೆ ಹೋಗುವುದು ಬರವಣಿಗೆಯಲ್ಲಿ ಹೋಗಲಿ, ಮೇಲಕ್ಕೆ ಬರುವುದು ದನಿಯಲ್ಲಿ ಬರಲಿ. ಒಂದೇ ಆ್ಯಪ್ ಎರಡನ್ನೂ ಮಾಡಬೇಕು ಅಂತ ಹಟ ಯಾಕೆ?

ಹಿರಿಯರು: ಇದು ನನಗೆ ಹೊಳೆಯದ ಮಾತು, ಚೆನ್ನಾಗಿದೆ. ಆದರೆ ಹೆಸರಿಲ್ಲದ ದೂರಿನಲ್ಲಿ ಒಂದು ತೊಡಕಿದೆ. ‘ನನ್ನ ಓಟಿ ಬಂದಿಲ್ಲ’ ಅನ್ನುವ ದೂರಿಗೆ ಹೆಸರಿಲ್ಲದೆ ಪರಿಹಾರ ಕೊಡುವುದು ಹೇಗೆ? ಟೋಕನ್ ನಂಬರ್ ಹೇಳಿದ ಕೂಡಲೇ ಯಾರು ಅಂತ ಗೊತ್ತಾಯಿತು. ಲೈನಿಗೆ ಹೋಗಿ ಬೆನ್ನು ತಟ್ಟಿ ‘ಏನಪ್ಪ, ಸಂಬಳ ಸರಿ ಬಂತಾ?’ ಅಂತ ಕೇಳುವ ಒಬ್ಬ ಅಧಿಕಾರಿ ಹತ್ತು ಸಹಾಯವಾಣಿಗೆ ಸಮ. ಮನೆಯಿಂದ ಕೆಲಸ ಮಾಡುವವರಿಗೂ ತಿಂಗಳಿಗೊಮ್ಮೆ ಫೋನ್ ಮಾಡಿ, ಕೆಲಸದ ಮಾತು ಬಿಟ್ಟು ಬೇರೆ ಮಾತು ಕೇಳುವ ಮನುಷ್ಯ ಬೇಕು.

ಯುವತಿ: ಆ ಅಧಿಕಾರಿ ಒಳ್ಳೆಯವರಾಗಿದ್ದರೆ ಸರಿ. ಸಂಬಳ ಹಿಡಿದವರೇ ಅವರಾಗಿದ್ದರೆ? ವ್ಯಕ್ತಿಯನ್ನು ನಂಬಿದ ವ್ಯವಸ್ಥೆ ಆ ವ್ಯಕ್ತಿ ವರ್ಗವಾದ ದಿನ ಮುಗಿಯುತ್ತದೆ.

ಹಿರಿಯರು: ಹಾಗಂತ ದಾರಿಗಳನ್ನು ಹೆಚ್ಚಿಸುತ್ತಾ ಹೋದರೆ ಇನ್ನೊಂದು ಕಷ್ಟ. ನಮ್ಮ ಹಳ್ಳಿಗಳ ಗ್ರಾಮ ಆಡಳಿತ ಅಧಿಕಾರಿಗಳನ್ನು ನೋಡು, ಒಂದು ರೀತಿಯಲ್ಲಿ ಕಚೇರಿಯಿಂದ ದೂರ ಕೆಲಸ ಮಾಡುವವರೇ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರ ಮಾಡಿದರು, 2025ರ ಫೆಬ್ರುವರಿಯಲ್ಲಿ ಮತ್ತೆ. ಅವರ ಮುಖ್ಯ ದೂರುಗಳಲ್ಲಿ ಒಂದು, ಒಂದರ ಮೇಲೊಂದು ಹೇರಿದ ಮೊಬೈಲ್ ಆ್ಯಪ್‌ಗಳದ್ದು. ಅದಕ್ಕೆ ಬೇಕಾದ ಫೋನು, ಲ್ಯಾಪ್‌ಟಾಪು, ಇಂಟರ್‌ನೆಟ್ಟು ಕೊಡದೆ ಕೆಲಸ ಮಾತ್ರ ಕೇಳುತ್ತಾರೆ ಅನ್ನುವುದು. ದಾರಿಗಳ ಈ ಗೊಂದಲವನ್ನು ಕೆಜಿಎಫ್ ಚಿನ್ನದ ಗಣಿಯವರು ಬೇರೆ ರೀತಿ ನಿಭಾಯಿಸಿದ್ದರು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗಿನಿಂದ ಕೇಜ್ ಎಳೆಯಬೇಕು, ನಿಲ್ಲಿಸಬೇಕು ಅಂತ ವೈಂಡಿಂಗ್ ಇಂಜಿನ್ ಡ್ರೈವರ್‌ಗೆ ಹೇಳಲು ಗಂಟೆಯ ಸಂಕೇತ. ಇಷ್ಟು ಬಡಿತಕ್ಕೆ ಇದೇ ಅರ್ಥ ಅಂತ ನಿಗದಿ. ಆ ಗಂಟೆಯಲ್ಲಿ ಬೇರೆ ಮಾತಿಲ್ಲ, ಹಾಗಾಗಿ ಅದು ಬಾರಿಸಿದರೆ ಯಾರೂ ಕಡೆಗಣಿಸುವಂತಿರಲಿಲ್ಲ. ತುರ್ತಿನ ದಾರಿಯಲ್ಲಿ ತುರ್ತಲ್ಲದ್ದು ಹೋದರೆ ಆ ದಾರಿ ಸತ್ತಂತೆ.

ಯುವತಿ: ಹಾಗಾದರೆ ರಾತ್ರಿ ಹತ್ತೂವರೆಯ ಮೆಸೇಜ್ ನಿಲ್ಲಲಿ ಎಂದು ನಾನೇ ಮೊದಲು ಕೈ ಎತ್ತುತ್ತೇನೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಕಾನೂನೇ ಬಂದಿದೆ: ಕೆಲಸದ ಹೊತ್ತು ಮುಗಿದ ಮೇಲೆ ಬಂದ ಮೆಸೇಜಿಗೆ ಉತ್ತರ ಕೊಡದಿರುವ ಹಕ್ಕು ನೌಕರನದು, ಹಾಗೆ ಕೊಡದಿರುವುದು ಅಸಮಂಜಸ ಅನ್ನಿಸುವ ಸಂದರ್ಭ ಬಿಟ್ಟು. ನಮ್ಮಲ್ಲಿ 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಸದಸ್ಯರ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. ಕಾನೂನು ಬರುವವರೆಗೆ ಕಾಯಬೇಕಿಲ್ಲ. ನಾಲ್ಕು ಸಾಲಿನ ನಿಯಮ ಸಾಕು. ಸಂಬಳ, ಶಿಫ್ಟ್, ರಜೆ, ಶಿಸ್ತುಕ್ರಮ: ಇವು ತಾರೀಖು ಹಾಕಿ ಸಂಸ್ಥೆಯ ಒಂದೇ ಜಾಗದಲ್ಲಿ ಕನ್ನಡದಲ್ಲಿ ಬರೆದಿರಬೇಕು, ಗೇಟಿನಲ್ಲೂ ಅಂಟಿಸಬೇಕು, ಪ್ರತಿಯೊಬ್ಬರಿಗೂ ಎಸ್‌ಎಂಎಸ್ ಹೋಗಬೇಕು, ಗ್ರೂಪಿನಲ್ಲಿ ಹಾಕಿದ್ದು ನೋಟಿಸ್ ಅನ್ನಿಸಿಕೊಳ್ಳುವುದಿಲ್ಲ. ದಿನದ ಕೆಲಸದ ಮಾತು ತಂಡದ ಚಾಟಿನಲ್ಲಿ, ಕೆಲಸದ ಹೊತ್ತಿನಲ್ಲಿ. ತುರ್ತಿಗೆ ಫೋನ್ ಕರೆ, ಬೇರಾವುದಕ್ಕೂ ಅದಿಲ್ಲ. ದೂರಿಗೆ ಅವರವರ ಭಾಷೆಯಲ್ಲಿ ಮಾತಾಡುವ ಮನುಷ್ಯ, ಇಷ್ಟು ದಿನದೊಳಗೆ ಉತ್ತರ ಅಂತ ಗಡುವು.

ಹಿರಿಯರು: ನಾಲ್ಕಕ್ಕೂ ನನ್ನ ಒಪ್ಪಿಗೆ ಇದೆ. ಆದರೂ ಇದು ಎಲ್ಲಿ ಮುರಿಯುತ್ತದೆ ಅಂತ ಹೇಳುತ್ತೇನೆ. ಏಜೆನ್ಸಿ ಮೂಲಕ ಬಂದ ಗುತ್ತಿಗೆ ಕಾರ್ಮಿಕನನ್ನು ನಿನ್ನ ಆ ಒಂದೇ ಜಾಗಕ್ಕೆ ಸೇರಿಸುತ್ತಾರಾ? ಕಂಪನಿಯ ವಕೀಲರು ಬೇಡ ಅನ್ನುತ್ತಾರೆ. ನೇರವಾಗಿ ಆದೇಶ ಕೊಟ್ಟರೆ, ರಜೆ ಮಂಜೂರು ಮಾಡಿದರೆ, ನಾಳೆ ಕೋರ್ಟಿನಲ್ಲಿ ‘ನಿಜವಾದ ಮಾಲೀಕ ಇವರೇ’ ಅನ್ನಲು ಅದೇ ಸಾಕ್ಷಿಯಾಗುತ್ತದೆ ಅನ್ನುವ ಭಯ. ಹಾಗಾಗಿ ಕಾಯಂ ನೌಕರರಿಗೆ ಟೀಮ್ಸ್, ಗುತ್ತಿಗೆಯವರಿಗೆ ಏಜೆನ್ಸಿಯ ಮೇಸ್ತ್ರಿ ನಡೆಸುವ ವಾಟ್ಸಾಪ್ ಗ್ರೂಪ್. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತ ಇಬ್ಬರಿಗೆ ಎರಡು ದಾರಿ. ಅದು ತಾಂತ್ರಿಕ ಕೊರತೆಯಿಂದ ಆದದ್ದು ಅಂದುಕೊಳ್ಳಬೇಡ, ಯೋಚಿಸಿಯೇ ಮಾಡಿದ್ದು.

ಯುವತಿ: ಹಾಗೆ ಭಯಪಡುವ ಕಂಪನಿ ಶಿಫ್ಟ್ ಬದಲಿಸುವಾಗ ಮಾತ್ರ ಯಾವ ಭಯವೂ ಇಲ್ಲದೆ ಅದೇ ಮೇಸ್ತ್ರಿಯ ಕೈಯಲ್ಲಿ ಹೇಳಿಸುತ್ತದಲ್ಲ ಸರ್. ಬಾಗಿಲೊಳಗೆ ಯಾರು ದುಡಿಯುತ್ತಾರೋ, ಮನೆಯಲ್ಲಿ ಕೂತು ಯಾರು ಆ ಕಂಪನಿಯ ಕೆಲಸ ಮುಗಿಸುತ್ತಾರೋ, ಅವರಿಗೆಲ್ಲ ಮೂಲ ಸಂಸ್ಥೆಯ ದಾಖಲೆಯಲ್ಲೇ ಸುದ್ದಿ ಸಿಗಬೇಕು. ಏಜೆನ್ಸಿಯೂ ಅದನ್ನೇ ಓದಲಿ.

ಹಿರಿಯರು: ನೀನು ಹೇಳುವುದು ನ್ಯಾಯ, ನಾನು ಹೇಳುತ್ತಿರುವುದು ನಡೆಯುವ ರೀತಿ. ಹತೋಟಿ ಬೇಕು, ಹೊಣೆ ಬೇಡ ಅನ್ನುವ ಕಂಪನಿಗೆ ಯಾವ ಆ್ಯಪ್ ತಂದುಕೊಟ್ಟರೂ ಅಷ್ಟೇ.

ಯುವತಿ: ಹೊಣೆ ಹೊರಲು ಮನಸ್ಸಿರುವ ಕಂಪನಿಗಳೂ ಇವೆ ಸರ್. ಅವಕ್ಕೂ ಸರಿಯಾದ ದಾರಿ ಗೊತ್ತಿಲ್ಲದಿದ್ದರೆ, ಒಳ್ಳೆಯ ಮನಸ್ಸಿನಿಂದ ಹೊರಟ ಸುದ್ದಿಯೂ ಶ್ರೀನಿವಾಸಪುರದ ಕಡೆಯ ರಾಯಲ್ಪಾಡಿನ ಮನೆಗೆ ಮೂರು ದಿನ ತಡವಾಗಿ ಮುಟ್ಟುತ್ತದೆ. ಅಲ್ಲಿ ಸಂಬಳ ಕಟ್ ಆದವರಿಗೆ ಈ ಎರಡು ಕಂಪನಿಗಳ ನಡುವೆ ಏನು ವ್ಯತ್ಯಾಸ ಕಾಣುತ್ತದೆ ಹೇಳಿ?